ಸಂದಿಲ್ಲದ ಪ್ರೋಗ್ರಾಂ

ಉದ್ದ ಎನ್ನುವುದು ಅಮಸಿದ್ದನ ಮನೆತನಕ್ಕೆ ಅಂಟಿದ ರೋಗ. ಅವನ ಅಪ್ಪ ಧೂಳಪ್ಪ ಸಿಂದಗಿ ತಾಲೂಕಿನ ಮೋರಟಗಿಯಲ್ಲಿ ಕುರಿ ಕಾಯುತ್ತ ಡೊಳ್ಳಿನ ಪದ ಹಾಡಿ ಹೆಸರು ಮಾಡಿದವನು. ಎರಡು ಮೇಳಗಳು ಎದುರುಬದುರಾಗಿ ಹಾಡುವಾಗ, ಒಂದು ಮೇಳ ಎಲ್ಲಿ ನಿಲ್ಲಿಸುತ್ತದೋ ಅಲ್ಲಿ ಇನ್ನೊಂದು ಮೇಳ ಸವಾಲು ಹಾಕುವುದು ಈ ಪದಗಳ ರೂಢಿ. ಧೂಳಪ್ಪ ನಿಲ್ಲಿಸುತ್ತಲೇ ಇರಲಿಲ್ಲ. ಕತೆಯೊಳಗೆ ಕತೆ ಹೊಗಿಸಿ, ಒಂದು ನುಡಿಯ ಬಾಲವನ್ನು ಇನ್ನೊಂದರ ಬಾಯಿಗೆ ಕೊಟ್ಟು ಹಾಡುತ್ತ ಹೋದರೆ ಎದುರಿನವರು ಕಾದು ಕಾದು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. "ಸಂದು ಬಿಟ್ರ ಮಂದಿ ಕೈ ಹಾಕ್ತಾರ" ಎಂದು ಮಗನಿಗೂ ಹೇಳಿಕೊಟ್ಟಿದ್ದ. ಮಗನ ಗಂಟಲು ಹಾಡಿಗೆ ಒಗ್ಗಲಿಲ್ಲ. ಅಪ್ಪನ ವಿದ್ಯೆಯನ್ನು ಅವನು ಕಂಪ್ಯೂಟರಿಗೆ ಹಚ್ಚಿದ.

ಕಂಪ್ಯೂಟರ್ ಎಂದೊಡನೆ ಕಣ್ಣರಳಿಸಬೇಕಾಗಿಲ್ಲ. ಎಪ್ಪತ್ತೆಂಟನೆಯ ಇಸವಿಯಲ್ಲಿ ನಮ್ಮ ಕಡೆ ಆ ಯಂತ್ರವನ್ನು ಕಂಡವರೇ ಇರಲಿಲ್ಲ. ಅಮಸಿದ್ದನೂ ಮುಂಬಯಿಗೆ ತರಬೇತಿಗೆ ಹೋದಾಗ ಗಾಜಿನ ಗೋಡೆಯ ಈಚೆ ನಿಂತು ನೋಡಿದ್ದನಷ್ಟೆ. ಅವನ ಹಂಗಾಮಿ ಕೆಲಸವಿದ್ದದ್ದು ಗೊಳಸಂಗಿಯ ಆಚೆ, ಒಂದು ಕಾಲುವೆ ಕ್ಯಾಂಪಿನ ತಗಡಿನ ಶೆಡ್ಡಿನಲ್ಲಿ. ಕಾಲುವೆಗಾಗಿ ಎಲ್ಲಿ ಎಷ್ಟು ಮಣ್ಣು ಅಗೆಯಬೇಕು, ಎಲ್ಲಿ ಎಷ್ಟು ತುಂಬಿ ಏರಿ ಹಾಕಬೇಕು ಎಂಬ ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸುವುದು ಆ ಕೆಲಸ. ಯಂತ್ರ ಏನೇನು ಮಾಡಬೇಕು ಎಂಬುದನ್ನು ಅವನು ಚೌಕಳಿ ಹಾಳೆಯ ಮೇಲೆ ಪೆನ್ಸಿಲಿನಿಂದ, ಚೌಕಕ್ಕೊಂದು ಅಕ್ಷರದಂತೆ ಬರೆಯುತ್ತಿದ್ದ. ಪ್ರತಿ ಸೋಮವಾರ ಜೀಪು ಅದನ್ನು ಬಿಜಾಪುರಕ್ಕೆ ಒಯ್ದು ರೈಲಿಗೆ ಹಾಕುತ್ತಿತ್ತು. ಮುಂಬಯಿಯಲ್ಲಿ ಯಾರೋ ಸಾಲಿಗೊಂದು ರಟ್ಟಿನ ಕಾರ್ಡು ತೂತು ಹೊಡೆದು ಯಂತ್ರಕ್ಕೆ ಉಣಿಸುತ್ತಿದ್ದರು. ಉತ್ತರ ಬರಲು ಮತ್ತೊಂದು ವಾರ ಹಿಡಿಯುತ್ತಿತ್ತು.

ಈ ಲೆಕ್ಕದ ಪ್ರೋಗ್ರಾಮನ್ನು ಅಮಸಿದ್ದ ಅಪ್ಪನ ಪದದಂತೆಯೇ ಕಟ್ಟಿದ್ದ. ಮೊದಲ ಸಾಲಿನಿಂದ ಕಡೆಯ ಸಾಲಿನ ತನಕ ಒಂದೇ ಉಸಿರು. ಬೇರೆಯವರು ಇಂಥ ಕೆಲಸವನ್ನು ಸಣ್ಣ ಸಣ್ಣ ಭಾಗ ಮಾಡಿ, ಪ್ರತಿ ಭಾಗಕ್ಕೂ ಒಂದು ಹೆಸರಿಟ್ಟು ಬರೆಯುತ್ತಾರೆಂದು ಅವನಿಗೆ ಗೊತ್ತಿತ್ತು. ಅವನು ಹಾಗೆ ಮಾಡಲಿಲ್ಲ. ನಡುವೆ ಎಲ್ಲೆಂದರಲ್ಲಿ 'ಇಲ್ಲಿಂದ ಅಲ್ಲಿಗೆ ಹೋಗು' ಎಂದು ಬರೆದಿದ್ದ. ಅಲ್ಲಿಗೆ ಹೋದರೆ ಇನ್ನೆಲ್ಲಿಗೋ ಕಳಿಸುತ್ತಿತ್ತು. ಕ್ಯಾಂಪಿನ ಇಂಜಿನಿಯರರು ಒಮ್ಮೆ ಹಾಳೆಗಳನ್ನು ತಿರುವಿ ನೋಡಿ, ನಮಸ್ಕಾರ ಮಾಡಿ ಇಟ್ಟುಬಿಟ್ಟಿದ್ದರು. ಅಮಸಿದ್ದನಿಗೆ ಅಂದು ಮೀಸೆಯಡಿ ನಗು ಬಂದಿತ್ತು.

ಆ ನಗು ಮುಂದಿನ ಏಪ್ರಿಲಿನಲ್ಲಿ ಇಂಗಿಹೋಯಿತು. ಸಿಂದಗಿಯ ಕಾಲೇಜಿನಲ್ಲಿ ಅವನಿಗೆ ಗಣಿತದ ಲೆಕ್ಚರರ್ ಕೆಲಸ ಸಿಕ್ಕಿತು. ಕಾಯಂ ಕೆಲಸ. ಇಲ್ಲಿಯ ಬಿಡುಗಡೆಯ ಆದೇಶ ಹಿಡಿದುಕೊಂಡು ಜುಲೈ ಒಂದಕ್ಕೆ ಹಾಜರಾಗಬೇಕು, ಇಲ್ಲದಿದ್ದರೆ ಮುಂದಿನವರ ಪಾಲು. ಹೆಂಡತಿ ಶೇವಂತೆವ್ವ ಎರಡು ವರ್ಷದಿಂದ ಕೂಸು ಕಟ್ಟಿಕೊಂಡು ತಾಂಬಾದ ತವರಿನಲ್ಲಿದ್ದಳು. ಬೇಸಗೆಯಲ್ಲಿ ಕಾದ ಹಂಚಾಗುವ ಆ ತಗಡಿನ ಕೋಣೆಯಲ್ಲಿ ಕೂಸನ್ನು ಇಟ್ಟುಕೊಳ್ಳುವುದು ಆಗದ ಮಾತು. ಹಿಂದಿನ ಸಲ ಹೋದಾಗ ಮಗಳು ಬಾಗಿಲ ಹಿಂದೆ ಅಡಗಿ, "ಎವ್ವಾ, ಮಾಮಾ ಬಂದಾನ" ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಅಮಸಿದ್ದನೂ ನಕ್ಕಿದ್ದ, ಆಮೇಲೆ ಬಸ್ಸಿನಲ್ಲಿ ಕೂತು ಇಂಡಿ ದಾಟುವ ತನಕ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಅತ್ತಿದ್ದ.

ಕ್ಯಾಂಪಿನ ದೊಡ್ಡ ಸಾಹೇಬರು ಬಸಂತರಾಯರು. ಕೆಟ್ಟವರಲ್ಲ. ಕಾಲೇಜಿನ ವಿಷಯ ಕೇಳಿ ಖುಷಿಪಟ್ಟು, ಚಹಾ ತರಿಸಿ ಕುಡಿಸಿದರು. ಆಮೇಲೆ ಕೇಳಿದರು:

"ಈ ಪ್ರೋಗ್ರಾಂ ನಡಸವ್ರು ಯಾರು?"

"ಯಾರರ ನಡಸ್ತಾರ್ರಿ ಸಾಹೇಬ್ರ."

"ಯಾರು? ನನಗಂತೂ ತಿಳಿಯೂದಿಲ್ಲ. ಇಲ್ಲಿ ಯಾರಿಗೂ ತಿಳಿಯೂದಿಲ್ಲ. ನೀನ ಹೇಳತಿದ್ದಿಯಲ್ಲ, ನನ್ನ ಬಿಟ್ಟು ಯಾರಿಗೂ ಬರೂದಿಲ್ಲ ಅಂತ." ಬಸಂತರಾಯರು ಬಟ್ಟಲು ಕೆಳಗಿಟ್ಟರು. "ಒಬ್ಬರಿಗೆ ಕಲಸು, ಹೋಗು. ಕಲಸೂ ತನಕ ನಿನ್ನ ಬಿಡಾಕ ಆಗೂದಿಲ್ಲಪಾ."

ಕಲಿಯಲು ಬಂದವಳು ಅಬಿದಾ. ಸಿಂದಗಿಯ ಮಶಾಕಸಾಬ ಮಾಸ್ತರರ ಮಗಳು, ಗಣಿತದಲ್ಲಿ ಬಿ.ಎಸ್ಸಿ. ಮಾಡಿದ್ದಳು. ಬಸವನ ಬಾಗೇವಾಡಿಯಲ್ಲಿ ತಾಯಿಯ ತಂಗಿ ಖಾಲಾನ ಮನೆಯಲ್ಲಿದ್ದುಕೊಂಡು ದಿನಾ ಬಸ್ಸಿಗೆ ಬರುತ್ತಿದ್ದಳು. ಕೇಳುವುದಕ್ಕೆ ಹೆದರದ ಹೆಣ್ಣುಮಗಳು. ಅದೇ ಅಮಸಿದ್ದನಿಗೆ ಮುಳುವಾಯಿತು.

"ಸರ್, ಈ ಸಾಲಿನಾಗ ಕೆ ಅನ್ನೂ ಅಕ್ಷರ ಅಂದ್ರ ಏನ್ರಿ?"

"ಏರಿ ಎತ್ತರ."

"ನಿನ್ನೆ ನೋಡಿದ ಹಾಳ್ಯಾಗ ಕೆ ಅಂದ್ರ ಅಳತಿ ಕಲ್ಲಿನ ನಂಬರ ಅಂದಿದ್ರಿ."

"ಅದು ಅಲ್ಲಿ. ಇಲ್ಲಿ ಏರಿ ಎತ್ತರ."

"ಕಲ್ಲು ಎಲ್ಲಿಗೆ ಮುಗದು ಏರಿ ಎಲ್ಲಿಂದ ಸುರು ಆಗತೈತ್ರಿ?"

ಅಮಸಿದ್ದ ಹಾಳೆ ತಿರುವಿದ. ಇಲ್ಲಿಂದ ಅಲ್ಲಿಗೆ ಹೋದ, ಅಲ್ಲಿಂದ ಇನ್ನೊಂದೆಡೆಗೆ ಹೋದ, ಅಲ್ಲಿಂದ ಹೊರಟಲ್ಲಿಗೇ ಬಂದ. ಬುತ್ತಿ ಬಿಚ್ಚುವ ಹೊತ್ತಾದರೂ ಏರಿ ಶುರುವಾಗುವ ಜಾಗ ಸಿಗಲಿಲ್ಲ. ಬರೆಯುವಾಗ ತಲೆಯಲ್ಲಿ ಬೆಳಕಿನಂತೆ ಇದ್ದದ್ದು ಈಗ ತನ್ನ ಕೈಬರಹದಲ್ಲೇ ಇದ್ದರೂ ಬೇರೆ ಯಾರೋ ಬರೆದದ್ದರ ಹಾಗೆ ಕಾಣುತ್ತಿತ್ತು. ತಾನು ತೋಡಿದ ಗುಂಡಿಯಲ್ಲಿ ತಾನೇ ಬೀಳುವುದು ಎಲ್ಲರೂ ಕೇಳಿದ ಗಾದೆ. ಬಿದ್ದ ಮೇಲೆ ಅದನ್ನು ತೋಡಿದವನು ಯಾರು ಎಂದು ತಾನೇ ಹುಡುಕುವುದು ಅಮಸಿದ್ದನ ಪಾಡು. ಮೇ ತಿಂಗಳು ಹೀಗೇ ಕಳೆಯಿತು. ತಗಡು ಕಾದು ಪೆನ್ಸಿಲ್ ಬೆವರಿಗೆ ಜಾರುತ್ತಿತ್ತು.

ಒಂದು ದಿನ ಅಬಿದಾ ಹೇಳಿದಳು, "ಇದು ಕಲಿಯೂದಲ್ರಿ ಸರ್. ಬಾಯಿಪಾಠ ಮಾಡೂದು."

"ಹಂಗಾದ್ರ ಬಾಯಿಪಾಠ ಮಾಡ್ರಿ ಅಬಿದಾಬಾಯಿ," ಎಂದ ಅಮಸಿದ್ದ. ಹೇಗೋ ಪಾರಾದರೆ ಸಾಕಾಗಿತ್ತು ಅವನಿಗೆ.

ಅವಳು ಮಾಡಿಯೇ ಬಿಟ್ಟಳು. ಯಾವ ಸಾಲಿನ ಮುಂದೆ ಯಾವ ಸಾಲು, ಎಲ್ಲಿ ಏನು ಬದಲಿಸಿದರೆ ಉತ್ತರ ಕೆಡುವುದಿಲ್ಲ ಎಂಬುದೆಲ್ಲ ಅವಳ ನಾಲಗೆಗೆ ಬಂತು. ಯಾಕೆ ಎಂಬುದು ಮಾತ್ರ ಅವಳಿಗೂ ಗೊತ್ತಿರಲಿಲ್ಲ. ಬಸಂತರಾಯರು ಕರೆದು ಪರೀಕ್ಷೆ ಮಾಡಿದರು. ತಮಗೆ ತಿಳಿಯದ ಪ್ರಶ್ನೆಗಳಿಗೆ ತಮಗೆ ತಿಳಿಯದ ಉತ್ತರ ಬಂದದ್ದರಿಂದ ಸಮಾಧಾನವಾಯಿತು. ಜೂನ್ ಕೊನೆಗೆ ಬಿಡುತ್ತೇನೆ ಎಂದರು. ಅಮಸಿದ್ದ ಆ ಅಮಾವಾಸ್ಯೆಗೆ ಅಪ್ಪನಿಗೆ ಸುದ್ದಿ ಹೇಳಲು ಮೋರಟಗಿಗೆ ಹೋದ.

ಗುಡಿಯ ಮುಂದೆ ಮಧ್ಯಾಹ್ನವೇ ಪದ ಶುರುವಾಗಿತ್ತು. ಧೂಳಪ್ಪನಿಗೆ ದಮ್ಮಿನ ಬೇನೆ. ಎರಡು ವರ್ಷದಿಂದ ಹಾಡುವುದಿಲ್ಲ ಎನ್ನುತ್ತಿದ್ದರೂ ಮೇಳದವರು ಕೈಹಿಡಿದು ತಂದು ಕೂರಿಸಿದ್ದರು. ಅವನ ಆ ಉದ್ದನೆಯ ಪದ ಬೇರೆ ಯಾರಿಗೂ ಬರುತ್ತಿರಲಿಲ್ಲ. ಅವನು ಹಾಡಿದ. ಅರ್ಧ ದಾರಿಗೆ ಬಂದಾಗ ಕೆಮ್ಮು ಹಿಡಿದು ಬಾಗಿಹೋದ. ಪಕ್ಕದಲ್ಲಿ ಅವನ ಶಿಷ್ಯ ಸೋಮನಿಂಗ ಇದ್ದ, ಒಳ್ಳೆಯ ಗಂಟಲಿನವನು. ಆದರೆ ಎಲ್ಲಿಂದ ಎತ್ತಿಕೊಳ್ಳಬೇಕೋ ಅವನಿಗೆ ತಿಳಿಯಲಿಲ್ಲ. ಡೊಳ್ಳಿನವರು ಕೈ ತಡೆದು ಕಾದರು. ಧೂಳಪ್ಪ ನೀರು ಕುಡಿದು, ಬಾಯೊರೆಸಿಕೊಂಡು, ಮತ್ತೆ ಮೊದಲಿನಿಂದ ಹಿಡಿದ. ನಡುವಿನಿಂದ ಹಿಡಿಯಲು ಅವನಿಗೇ ಬರುತ್ತಿರಲಿಲ್ಲ.

ಮತ್ತೆ ಅದೇ ಜಾಗಕ್ಕೆ ಕೆಮ್ಮು ಬಂತು.

"ಸೋಮನಿಂಗಗ ಕಲಿಸಬಾರದೇನಪ್ಪಾ?" ಎಂದು ಅಮಸಿದ್ದ ಆಮೇಲೆ ಕೇಳಿದ.

"ಕಲಿಸೇನಿ. ಹತ್ತಬೇಕಲ್ಲ. ನನ್ನ ಬಿಟ್ಟು ಯಾರಿಗೂ ಬರೂದಿಲ್ಲ ತಮ್ಮಾ." ಹೇಳುವಾಗ ಮುದುಕನ ಮುಖ ಒಂದು ಗಳಿಗೆ ಅರಳಿತು. ಮರುಗಳಿಗೆ ಬಾಡಿತು. "ಸಾಕಾಗೇತಿ. ಆದರ ಈ ಮಂದಿ ಬಿಡೂದಿಲ್ಲ. ಸಾಯೂ ತನಕ ಬಿಡೂದಿಲ್ಲ ಇವರು."

ಅಮಸಿದ್ದನಿಗೆ ಅಪ್ಪನ ಮೇಲೆ ಸಿಟ್ಟು ಬಂತು, ಮರುಕವೂ ಬಂತು. ಎಲ್ಲಕ್ಕಿಂತ ಹೆಚ್ಚಾಗಿ ಹೆದರಿಕೆ ಬಂತು.

ಮರುದಿನ ಶೆಡ್ಡಿಗೆ ಬಂದಾಗ ಅಬಿದಾ ಕಣ್ಣುಮುಚ್ಚಿಕೊಂಡು ಸಾಲುಗಳನ್ನು ಒಪ್ಪಿಸುತ್ತಿದ್ದಳು. "ಬಿಡ್ರಿ ಅದನ್ನ," ಎಂದ ಅಮಸಿದ್ದ. "ಒಡಿಯೂಣು. ಸಣ್ಣ ಸಣ್ಣ ತುಂಡು ಮಾಡೂಣು. ಒಂದೊಂದು ತುಂಡು ಒಂದ ಹಾಳಿ, ಅದಕ್ಕಿಂತ ಉದ್ದ ಬ್ಯಾಡ."

ಅಬಿದಾ ಕಣ್ಣು ಬಿಟ್ಟಳು. "ಹಾಳಿ ಹೆಂಗ ಅಳತಿ ಆಗತೈತ್ರಿ ಸರ್? ಒಂದ ಹಾಳ್ಯಾಗ ನಾಕ ಕೆಲಸ ತುರುಕಿದ್ರ ಮತ್ತ ಇದ ಪಾಡು."

"ಮತ್ತ ಏನ್ ಅಳತಿ?"

ಅವಳು ಪೆನ್ಸಿಲ್ ಎತ್ತಿಕೊಂಡಳು. "ಆ ತುಂಡು ಏನ್ ಮಾಡತೈತಿ ಅಂತ ನಮ್ಮ ಖಾಲಾಗ ಒಂದ ಮಾತಿನಾಗ ಹೇಳಾಕ ಬರಬೇಕ್ರಿ. ಇದನ್ನ ಮಾಡತೈತಿ, ಆಮ್ಯಾಲ ಅದನ್ನೂ ಮಾಡತೈತಿ ಅನ್ನೂದು ಬಂತಂದ್ರ, ಅಲ್ಲಿ ಕತ್ತರಿ ಹಾಕೂದು."

ಕತ್ತರಿ ಹಾಕಿದರು. ಏರಿಯ ಎತ್ತರ ಹುಡುಕುವುದು ಒಂದು ತುಂಡಾಯಿತು, ನೆಲದ ಮಟ್ಟ ಓದುವುದು ಒಂದಾಯಿತು. ಪ್ರತಿಯೊಂದಕ್ಕೂ ಹೆಸರಿಟ್ಟರು. ಒಂದು ತುಂಡು ಬರೀ ನಾಲ್ಕು ಸಾಲಾದಾಗ ಅಮಸಿದ್ದನಿಗೆ ನಗು ಬಂತು. "ಇದೇನ್ರಿ, ಚಹಾದ ಬೆಲ್ಲದ ಚೂರಿನಷ್ಟು?" ಎಂದ. "ನಾಕ ಸಾಲಾದ್ರೂ ತನ್ನ ಕೆಲಸ ಪೂರಾ ಮಾಡತೈತಲ್ರಿ," ಎಂದಳು ಅಬಿದಾ. ಇನ್ನೊಂದು ತುಂಡು, ಮಣ್ಣಿನ ಜಾತಿಗೆ ತಕ್ಕಂತೆ ದಂಡೆಯ ಇಳಿಜಾರು ಆರಿಸುವಂಥದ್ದು, ಹಾಳೆಯನ್ನೂ ದಾಟಿ ಹೋಯಿತು. ಅಮಸಿದ್ದ ಕತ್ತರಿಸಲು ಹೋದರೆ ಅವಳು ತಡೆದಳು. ಕಪ್ಪು ಎರಿ ಮಣ್ಣಿಗೆ ಇಷ್ಟು, ಕೆಂಪು ಮಸಾರಿಗೆ ಇಷ್ಟು, ಗರಸಿಗೆ ಇಷ್ಟು ಎಂದು ಸಾಲಾಗಿ ಹೇಳುವುದು ಒಂದೇ ಮಾತು; ಉದ್ದವಿದೆ ಎಂಬ ಕಾರಣಕ್ಕೆ ಒಡೆದರೆ ಓದುವವನು ಎರಡು ಕಡೆ ಓಡಾಡಬೇಕಾಗುತ್ತದೆ ಎಂಬುದು ಅವಳ ವಾದ. ಅಮಸಿದ್ದ ಒಪ್ಪಿಕೊಂಡ. ಬಹಳ ದಿನಗಳ ಮೇಲೆ ಅವನಿಗೆ ಶೆಡ್ಡಿನಲ್ಲಿ ಉಸಿರಾಡಲು ಗಾಳಿ ಇದ್ದಂತೆ ಅನಿಸಿತು.

ಕಾಲುವೆ ತಿರುಗುವಲ್ಲಿನ ಮಣ್ಣಿನ ಲೆಕ್ಕದ ತುಂಡು ಬರೆದ ದಿನ ಆ ಗಾಳಿ ನಿಂತಿತು. ಸಣ್ಣ ತುಂಡು, ಅಂಗೈಯಷ್ಟು ಜಾಗದಲ್ಲಿ ಮುಗಿದಿತ್ತು. ಅಬಿದಾ ಓದಿದಳು, ಮತ್ತೆ ಓದಿದಳು.

"ಸರ್, ತಿರುವಿನ ಮಣ್ಣು ಇಲ್ಲಿ ಕೂಡಿಸೇವಿ. ಮೊನ್ನೆ ಬರದ ಅಗತದ ಲೆಕ್ಕದ ತುಂಡಿನಾಗೂ ಕೂಡಿಸೇವಲ್ರಿ?"

ಅಮಸಿದ್ದ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದ. ಅವಳು ಹೇಳಿದ್ದು ಸರಿ. ಹಳೆಯ ಪ್ರೋಗ್ರಾಮಿನಲ್ಲಿದ್ದದ್ದನ್ನೇ ಇಬ್ಬರೂ ಇಲ್ಲಿ ಇಳಿಸಿದ್ದರು. ಎರಡು ವರ್ಷದಿಂದ ಕಾಲುವೆ ತಿರುಗಿದಲ್ಲೆಲ್ಲ ಯಂತ್ರ ಅದೇ ಮಣ್ಣನ್ನು ಎರಡು ಸಲ ಎಣಿಸಿತ್ತು. ಅಗೆಯದ ಮಣ್ಣನ್ನು ಅಗೆದಿದ್ದೇವೆ ಎಂದು ತೋರಿಸಿತ್ತು. ಉದ್ದನೆಯದರಲ್ಲಿ ಆ ಎರಡು ಜಾಗಗಳ ನಡುವೆ ಹಾಳೆಗಟ್ಟಲೆ ದೂರವಿದ್ದುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಬಿದಾ ಹೊಸ ತುಂಡಿನಲ್ಲಿ ಎರಡನೆಯ ಸಲದ ಸಾಲನ್ನು ಹೊಡೆದುಹಾಕಿದಳು.

ಶನಿವಾರ ಸಂಜೆ ಅಮಸಿದ್ದ ಬಸಂತರಾಯರಿಗೆ ಹೇಳಿದ. ಅವರು ಎದ್ದು ಬಾಗಿಲು ಮುಂದೆ ಮಾಡಿದರು.

"ಆ ಲೆಕ್ಕದ ಮ್ಯಾಲೆಲ್ಲಾ ನನ್ನ ಸಹಿ ಐತಿ," ಎಂದರು. ದನಿ ಏರಿಸಲಿಲ್ಲ. "ಹೊರಗ ಬಿತ್ತಂದ್ರ ತನಿಖಿ. ತನಿಖಿ ಮುಗಿಯೂ ತನಕ ನೀನೂ ಇಲ್ಲಿಂದ ಕದಲೂಹಂಗಿಲ್ಲ. ಜುಲೈ ಒಂದು ಮರತುಬಿಡು."

ಮೇಜಿನ ಖಾನೆಯಿಂದ ಅವನ ಬಿಡುಗಡೆಯ ಆದೇಶ ತೆಗೆದು ಸಹಿ ಹಾಕಿ ಅವನ ಮುಂದಿಟ್ಟರು.

"ಆ ತುಂಡು ಹಾಳಿಗೋಳನ್ನ ಒಲಿಗೆ ಹಾಕು. ಉದ್ದಂದ ಇರ್ಲಿ. ಅದರಾಗ ಯಾರೂ ಏನೂ ಹುಡುಕೂದಿಲ್ಲ. ಆ ಹುಡುಗಿಗೆ ಬಾಯಿಪಾಠ ಐತಿ, ನಡಿಸ್ಕೊಂಡು ಹೋಗ್ತಾಳ. ಸೋಮವಾರ ಹೆಂಡ್ರು ಮಕ್ಕಳ ಹತ್ರ ಹೋಗು."

ಅಮಸಿದ್ದ ಹೂಂ ಎಂದ. ಇದನ್ನು ಮುಚ್ಚಿಟ್ಟು ಹೇಳಿ ಪ್ರಯೋಜನವಿಲ್ಲ. ಅವನು ಹೂಂ ಎಂದು ಆದೇಶವನ್ನು ಕಿಸೆಯಲ್ಲಿಟ್ಟುಕೊಂಡ. ಭಾನುವಾರ ಇಡೀ ದಿನ ಟ್ರಂಕು ತುಂಬಿದ. ಮಗಳಿಗೆ ಗೊಳಸಂಗಿಯ ಅಂಗಡಿಯಲ್ಲಿ ಬಣ್ಣದ ಬಳೆ ತಂದ.

ಸೋಮವಾರ ಬೆಳಗ್ಗೆ ಶೆಡ್ಡಿಗೆ ಹೋದರೆ ಮೇಜಿನ ಮೇಲೆ ಹೊಸ ಹಾಳೆಗಳಿರಲಿಲ್ಲ.

"ಜೀಪಿಗೆ ಹಾಕಿ ಕಳಿಸೇನ್ರಿ," ಎಂದಳು ಅಬಿದಾ. "ಹಳೇ ಅಂಕಿ ಎಲ್ಲಾ ಕೊಟ್ಟು, ಇದರಾಗ ಮತ್ತೊಮ್ಮೆ ಲೆಕ್ಕ ತಗೀರಿ ಅಂತ ಮುಂಬಯಿದವರಿಗೆ ಬರದೇನಿ."

ಅಮಸಿದ್ದ ಬಾಯಿಗೆ ಬಂದದ್ದು ಅಂದ. ನಿಮಗ ಯಾರು ಹೇಳಿದ್ರು ಎಂದ, ನನ್ನ ಅನ್ನಕ್ಕ ಮಣ್ಣು ಹಾಕಿದ್ರಿ ಎಂದ. "ನನ್ನ ಕೂಸು ನನಗ ಮಾಮಾ ಅಂತೈತಿ, ಗೊತ್ತೈತೇನ್ರಿ ನಿಮಗ?" ಎಂದ.

ಅಬಿದಾ ಎಲ್ಲವನ್ನೂ ಕೇಳಿಸಿಕೊಂಡಳು. "ನನಗ ಬಿಜಾಪುರದಾಗ ಬಿ.ಎಡ್. ಸೀಟು ಸಿಕ್ಕೈತ್ರಿ. ಸಾಹೇಬ್ರಿಗೆ ಹ್ವಾದ ವಾರ ಕೇಳಿದೆ. ನಿನ್ನ ಬಿಟ್ಟು ಇದು ಯಾರಿಗೂ ಬರೂದಿಲ್ಲ, ನಿನ್ನ ಹೆಂಗ ಬಿಡ್ಲಿ ಅಂದ್ರು." ಅವಳು ಸೆರಗು ಸರಿಮಾಡಿಕೊಂಡಳು. "ನೀವು ಹೋಗವ್ರು ಸರ್. ಆ ಉದ್ದಂದರಾಗ ಸಿಕ್ಕೊಂಡು ಕುಂದ್ರಾಕಿ ನಾನು."

ಅಮಸಿದ್ದ ಹೊರಗೆ ಬಂದ. ತಡೆಯಲು ಇನ್ನೂ ಹೊತ್ತಿತ್ತು. ಕಾಗದಗಳು ಮುಂಬಯಿ ಮುಟ್ಟುವ ಮೊದಲೇ ತಂತಿ ಮುಟ್ಟುತ್ತದೆ. ಬಿಸಿಲಿನಲ್ಲೇ ಗೊಳಸಂಗಿಯ ಟಪಾಲು ಕಚೇರಿಗೆ ನಡೆದ. ಕಿಟಕಿಯ ಹಿಂದಿನ ಪೋಸ್ಟ್ ಮಾಸ್ತರರು ಕನ್ನಡಕ ಏರಿಸಿ, "ಏನಂತ ಕೊಡಬೇಕ್ರಿ? ಚಿಕ್ಕದಾಗಿ ಹೇಳ್ರಿ," ಎಂದರು.

"ಹೊಸಾದು ಬ್ಯಾಡ, ತಪ್ಪಿದ್ದದ್ದ ಇರ್ಲಿ ಅಂತ," ಎಂದ ಅಮಸಿದ್ದ.

ಮಾಸ್ತರರು ತಲೆಯೆತ್ತಿ ನೋಡಿದರು. "ಏನಂದ್ರಿ?"

ಎರಡನೆಯ ಸಲ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಕಿಟಕಿಯ ಕಟ್ಟೆ ಹಿಡಿದು ನಿಂತ. ಕಿಸೆಯಲ್ಲಿ ಆದೇಶವಿತ್ತು, ಬಳೆಯಿತ್ತು. ಹಿಂದೆ ನಿಂತ ಯಾರೋ, "ಸರೀರಿ, ನಮಗೂ ಕೆಲಸ ಐತಿ," ಎಂದರು. ಅವನು ಸರಿದ. ಕ್ಯಾಂಪಿಗೆ ಬಂದು ಬಸಂತರಾಯರ ಮೇಜಿನ ಮೇಲೆ ಆದೇಶವನ್ನು ವಾಪಸಿಟ್ಟು, ಹೊಸದು ಮುಂಬಯಿಗೆ ಹೋಗಿದೆ, ತಾನೇ ಕಳಿಸಿದ್ದು ಎಂದ. ಬಸಂತರಾಯರು ಅದನ್ನು ತೆಗೆದು ಖಾನೆಗೆ ಹಾಕಿದರು.

ಜುಲೈ ಒಂದು ಬಂತು, ಹೋಯಿತು. ಸಿಂದಗಿಯಲ್ಲಿ ಬೇರೆ ಯಾರೋ ಗಣಿತ ಹೇಳತೊಡಗಿದರು. ಅದಕ್ಕೂ ಮೊದಲು ಒಂದು ಭಾನುವಾರ ಅಮಸಿದ್ದ ತಾಂಬಾಕ್ಕೆ ಹೋಗಿ ಎಲ್ಲ ಹೇಳಿದಾಗ ಶೇವಂತೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಖರೇ ಹೇಳೀರಿ, ಛಲೋ ಆತು," ಎಂದಳು. ರೊಟ್ಟಿ ಹಂಚಿಗೆ ಹಾಕಿದ ಮೇಲೆ, "ಕೂಸಿಗೆ ನಾ ಏನ್ ಹೇಳ್ಲಿ?" ಎಂದು ಕೇಳಿದಳು. ಅವನು ಕಿಸೆಯಿಂದ ಬಳೆ ತೆಗೆದ. ಮಗಳು ಬಳೆ ತೊಟ್ಟುಕೊಂಡು ದೂರದಲ್ಲೇ ನಿಂತಿದ್ದಳು.

ಅಬಿದಾ ಆ ತಿಂಗಳೇ ಬಿಜಾಪುರಕ್ಕೆ ಹೋದಳು. ಅವಳನ್ನು ತಡೆಯಲು ಬಸಂತರಾಯರಿಗೆ ಕಾರಣವೇ ಉಳಿದಿರಲಿಲ್ಲ; ಹೊಸ ಹಾಳೆಗಳನ್ನು ಹೊಸದಾಗಿ ಬಂದ ಒಬ್ಬ ಗುಮಾಸ್ತ ಒಂದು ವಾರದಲ್ಲಿ ನಡೆಸಲು ಕಲಿತಿದ್ದ. ಹೋಗುವ ದಿನ ಅವಳು ಶೆಡ್ಡಿನ ಬಾಗಿಲಲ್ಲಿ ನಿಂತು, "ಬರ್ತೇನ್ರಿ ಸರ್," ಎಂದಳು. ಅಮಸಿದ್ದ, "ಹೋಗಿ ಬರ್ರಿ," ಎಂದ. ಅವಳ ಮೇಲೆ ಸಿಟ್ಟು ಇನ್ನೂ ಪೂರ್ತಿ ಹೋಗಿರಲಿಲ್ಲ.

ಮುಂಬಯಿಯಿಂದ ಬಂದ ಹೊಸ ಲೆಕ್ಕ ಹಳೆಯದಕ್ಕೆ ತಾಳೆಯಾಗಲಿಲ್ಲ; ತನಿಖೆಗೆ ಬಂದವರು ಚನ್ನಬಸಯ್ಯ ಎಂಬ ಹಿರಿಯ ಅಧಿಕಾರಿ. ಕಂಪ್ಯೂಟರಿನ ಗಂಧಗಾಳಿ ಇಲ್ಲದವರು. ದಿನಗಟ್ಟಲೆ ಹಿಡಿಯುತ್ತದೆಂದು ಹಾಸಿಗೆ ಸುರುಳಿ ಕಟ್ಟಿಕೊಂಡು ಬಂದಿದ್ದರು. ಅಮಸಿದ್ದ ಒಂದೊಂದೇ ಹಾಳೆ ಮುಂದಿಟ್ಟು, ಇದು ಇದನ್ನು ಮಾಡುತ್ತದೆ ಎಂದು ಒಂದೊಂದೇ ಮಾತು ಹೇಳಿದ. ಚಹಾ ಆರುವುದರೊಳಗೆ ಅವರಿಗೆ ಎಲ್ಲ ತಿಳಿಯಿತು. ಮಣ್ಣು ಎಲ್ಲಿ ಎರಡು ಸಲ ಎಣಿಕೆಯಾಗಿತ್ತು ಎಂಬುದು ತಿಳಿಯಿತು, ಆ ತಪ್ಪು ಯಾರದು ಎಂಬುದೂ ತಿಳಿಯಿತು.

"ತನಿಖಿ ಮುಗಿಯೂ ತನಕ ನೀವು ಕ್ಯಾಂಪ್ ಬಿಡೂಹಂಗಿಲ್ಲ," ಎಂದರು. "ಆಮ್ಯಾಲ ಈ ಕೆಲಸ ಇರ್ತದೋ ಇಲ್ಲೋ ನಾ ಹೇಳಾಕ ಬರೂದಿಲ್ಲ."

"ಹೌದ್ರಿ."

ಚನ್ನಬಸಯ್ಯ ಹಾಳೆಗಳನ್ನು ಮತ್ತೊಮ್ಮೆ ಮೊದಲಿನಿಂದ ತಿರುವಿದರು. ಅವರಿಗೆ ನಿಜಕ್ಕೂ ಸೋಜಿಗವಾಗಿತ್ತು. "ಅಲ್ರಿ ಅಮಸಿದ್ದ, ನನ್ನಂಥವಗೂ ತಿಳೀತು ಇದು. ಮೊದಲ ಹಿಂಗ್ಯಾಕ ಬರೀಲಿಲ್ಲ ನೀವು?"

ಅಮಸಿದ್ದ ಬಸಂತರಾಯರ ಕಡೆ ನೋಡಿದ, ಆಮೇಲೆ ಅವರ ಹಿಂದೆ ನಿಂತ ಇಂಜಿನಿಯರರ ಕಡೆ. ಅವರೆಲ್ಲ ಕಾಯಂ ನೌಕರರು, ಅವನೊಬ್ಬನೇ ಹಂಗಾಮಿ. ಅವನ ಜೊತೆ ಸೇರಿದ್ದ ಹಂಗಾಮಿಗಳನ್ನು ಮೊದಲ ವರ್ಷವೇ ಮನೆಗೆ ಕಳಿಸಿದ್ದರು.

"ಕುರುಬರ ಧೂಳಪ್ಪನ ಮಗ ಅದೀನ್ರಿ ನಾ," ಎಂದ. "ಮೊದಲ ಹಿಂಗ ಎಲ್ಲಾರಿಗೂ ತಿಳಿಯೂಹಂಗ ಬರೆದಿದ್ರ, ಎರಡನೇ ವರ್ಷಕ್ಕ ನನ್ನ ಇಟ್ಕೋತಿದ್ರೇನ್ರಿ?"

ಬಸಂತರಾಯರು ಹಾಳೆಗಳನ್ನು ಜೋಡಿಸುತ್ತ ಕೂತರು.